ಪಿವಿಸಿ ಪೈಪ್ ಮೊದಲು ಕೆಳಗಿಡಿಸಿ ಸರ್

ಸರ್, ಮಗಳ ಕಲರ್ ಗಾರ್ಡ್ (ಶಾಲೆ ಬ್ಯಾಂಡ್ ಜೊತೆ ಬಾವುಟ ತಿರುಗಿಸೋ ತಂಡ) ಟ್ರೈಔಟ್‌ಗೆ ಅಂತ ಹೋಂ ಡಿಪೋದಿಂದ ಅರ್ಧ ಇಂಚಿನ ಪಿವಿಸಿ ಪೈಪ್ ತಂದು, ಹಳೇ ವೇಲ್ ಕಟ್ಟಿ ಕೊಟ್ಟು, "ಹಗುರ ಇದೆ, ಮೂರೇ ದಿನಕ್ಕೆ ಟಾಸ್ (ಮೇಲಕ್ಕೆ ಎಸೆದು ಹಿಡಿಯೋದು) ಬಂತು" ಅಂತ ವಿಡಿಯೋ ಹಾಕಿದ್ದೀರಲ್ಲ, ನೋಡಿ ಸುಮ್ಮನಿರೋಕೆ ಆಗಲಿಲ್ಲ. ಕೆಳಗೆ ಎಲ್ಲರೂ ಚಪ್ಪಾಳೆ ಹಾಕಿದ್ದಾರೆ. ನಾಲ್ಕು ವರ್ಷದ ಹಿಂದೆ ನಾನೂ ಇದೇ ಪೈಪು, ಇದೇ ವೇಲು, ಇದೇ ಜಂಬ. ನಮ್ಮ ಬಿಲ್ ಆರು ಡಾಲರ್ ಒಳಗೇ ಮುಗಿದಿತ್ತು. ಆಮೇಲೆ ಅರ್ಜೆಂಟ್ ಕೇರ್‌ನವರು ಕೊಟ್ಟ ಬಿಲ್ ಕೇಳಬೇಡಿ.

ಆಗಿದ್ದಿಷ್ಟು. ಆ ಪೈಪಿನ ಹೊರಗಿನ ವ್ಯಾಸ 0.84 ಇಂಚು, ಶಾಲೆಯಲ್ಲಿ ಬಾವುಟ ಕಟ್ಟೋ ಅಲ್ಯೂಮಿನಿಯಂ ಪೋಲ್ 1 ಇಂಚು. ಕೈಹಿಡಿತ ಬೇರೆ ಅನ್ನೋದು ಬಿಡಿ, ಅದು ಎರಡು ದಿನಕ್ಕೆ ಸರಿಹೋಗುತ್ತೆ. ಕೆಡೋದು ಪೈಪ್ ಬಾಗೋದರಿಂದ. ಪಿವಿಸಿ ಅಲ್ಯೂಮಿನಿಯಂಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಬಾಗುತ್ತೆ. ನಿಮ್ಮ ವಿಡಿಯೋನ ನಿಧಾನ ಮಾಡಿ ನೋಡಿ, ಕೈ ಬಿಡೋ ಕ್ಷಣದಲ್ಲಿ ಪೈಪಿನ ಎರಡೂ ತುದಿ ಬಿಲ್ಲಿನ ಥರ ಹಿಂದೆ ಉಳಿದುಕೊಳ್ಳುತ್ತೆ. ಅದನ್ನ ತಿರುಗಿಸೋಕೆ ಮಗು ತನಗೇ ಗೊತ್ತಿಲ್ಲದೆ ಮಣಿಕಟ್ಟಲ್ಲಿ ಒಂದು ಜರ್ಕ್ ಸೇರಿಸುತ್ತೆ. ನಿಮ್ಮ ಕಣ್ಣಿಗೆ "ಟಾಸ್ ಬಂತು". ನನ್ನ ಕಣ್ಣಿಗೆ ಬಿದ್ದಿದ್ದು ಆ ಜರ್ಕ್.

ನನ್ನ ಮಗಳು ಬೇಸಿಗೆ ಪೂರ್ತಿ ಹಾಗೇ ಅಭ್ಯಾಸ ಮಾಡಿದಳು. ಆಗಸ್ಟ್‌ನಲ್ಲಿ ಬ್ಯಾಂಡ್ ಕ್ಯಾಂಪ್. ಪಾರ್ಕಿಂಗ್ ಲಾಟ್ ಅಂದರೆ ಕಾದ ದೋಸೆ ಹೆಂಚು, ನಮ್ಮ ಟೆಕ್ಸಸ್ ನಿಮಗೆ ಗೊತ್ತೇ ಇದೆ. ಎರಡನೇ ದಿನ, ಪೋಲ್ ಓರೆಯಾಗಿಟ್ಟು ಎಸೆಯೋ ಫಾರ್ಟಿಫೈವ್ ಟಾಸ್. ಕೈಯಲ್ಲಿ ಗಟ್ಟಿ ಪೋಲ್, ಮಣಿಕಟ್ಟಲ್ಲಿ ಹಳೇ ಜರ್ಕ್. ಪೋಲ್ ಅರ್ಧ ಸುತ್ತು ಹೆಚ್ಚಿಗೆ ತಿರುಗಿ, ಕೆಳತುದಿ ಬಂದು ಕನ್ನಡಕದ ಮೇಲೆ. ಹುಬ್ಬಿಗೆ ಎರಡು ಹೊಲಿಗೆ. ನಾನು ವಾಲಂಟಿಯರ್ ಆಗಿ ಅಲ್ಲೇ ನೀರಿನ ಕ್ಯಾನ್ ತುಂಬಿಸ್ತಾ ಇದ್ದೆ. ಸೆಕ್ಷನ್ ಲೀಡರ್ ಹುಡುಗಿ, ಇನ್ನೂ ಹದಿನೇಳು ದಾಟಿಲ್ಲ, ಐಸ್ ಪ್ಯಾಕ್ ಒತ್ತಿ ಹಿಡಿದುಕೊಂಡೇ ಕೇಳಿದ್ದು: "ಮನೇಲಿ ಪಿವಿಸಿನಾ?" ನನ್ನ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಹೊಲಿಗೆ ವಾರಕ್ಕೆ ಬಿಚ್ಚಿದರು, ಆ ಜರ್ಕ್ ಬಿಡಿಸೋಕೆ ಫುಟ್‌ಬಾಲ್ ಸೀಸನ್ ಅರ್ಧ ಮುಗಿದಿತ್ತು.

"ಹಾಗಾದ್ರೆ ಮುಕ್ಕಾಲು ಇಂಚಿನ ಪೈಪ್ ತರ್ತೀನಿ, ಅದು ದಪ್ಪ" ಅಂತ ಕೆಳಗೆ ಇನ್ನೊಬ್ಬರು ಬರೆದಿದ್ದಾರೆ. ಬೇಡಿ. ಸ್ಕೆಡ್ಯೂಲ್ 40 (ಪೈಪಿನ ಗೋಡೆ ದಪ್ಪದ ದರ್ಜೆ) ಮುಕ್ಕಾಲು ಇಂಚಿನದು ಆರಡಿ ಕತ್ತರಿಸಿದರೆ 600 ಗ್ರಾಂ ಹತ್ತಿರ ತೂಗುತ್ತೆ, ಖಾಲಿ ಅಲ್ಯೂಮಿನಿಯಂ ಪೋಲ್‌ಗಿಂತಲೂ ಭಾರ. ಆದರೂ ಬಾಗು ಹೋಗಲ್ಲ.

ಪೋಲ್ ಅಷ್ಟೇನೂ ದುಬಾರಿಯಲ್ಲ, ಶಿಪ್ಪಿಂಗ್ ಮಾತ್ರ ಉದ್ದದ ಪಾರ್ಸೆಲ್ ಅಂತ ಸುಲಿಗೆ. ಬ್ಯಾಂಡ್ ಬೂಸ್ಟರ್ (ಬ್ಯಾಂಡಿಗೆ ನೆರವಾಗೋ ಪೋಷಕರ ಸಂಘ) ಆರ್ಡರ್ ಜೊತೆ ನಿಮ್ಮದೊಂದು ಸೇರಿಸಿ ಅಂತ ಕೇಳಿ. ಉದ್ದ ಎಷ್ಟು ಅಂತ ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿಕೊಂಡೇ ತಗೊಳ್ಳಿ. ಮಗು ಗಿಡ್ಡ ಅಂತ ಐದಡಿಯದು ತರಬೇಡಿ, ಶೋನಲ್ಲಿ ಎಲ್ಲರಿಗೂ ಆರಡಿ ಕೊಟ್ಟರೆ ಮತ್ತೆ ಇದೇ ಕಥೆ.

ಪೋಲ್ ಬಂದ ಮೇಲೆ ಅದರೊಳಗೆ ತೂಕ ಸೇರಿಸೋದು. ಇದರಲ್ಲಿ ನನಗೆ ಸ್ವಲ್ಪ ಹುಚ್ಚು, ಸಹಿಸಿಕೊಳ್ಳಿ. ಸಿಲ್ಕ್, ಅಂದರೆ ಬಾವುಟದ ಬಟ್ಟೆ, ಸಾಮಾನ್ಯವಾಗಿ ಪೋಲ್ ಉದ್ದಕ್ಕೆ 36 ಇಂಚು, ಹಾರೋ ಕಡೆ 54 ಇಂಚು. ಅಂದರೆ ಆರಡಿ ಪೋಲ್‌ನ ಮೇಲರ್ಧ ಪೂರ್ತಿ ಬಟ್ಟೆ, ಕೆಳಗರ್ಧ ಬೋಳು. ಮೇಲ್ಭಾಗ ಎಳೆಯುತ್ತೆ. ಅದಕ್ಕೇ ಕೆಳಗೆ ಬೋಲ್ಟ್. ಅರ್ಧ ಇಂಚು ದಪ್ಪ, ಮೂರು ಇಂಚು ಉದ್ದದ ಹೆಕ್ಸ್ ಬೋಲ್ಟ್ ತನ್ನಿ. ಗೋಡೆ ದಪ್ಪ 0.058 ಇಂಚಿನ ಪೋಲ್ ಆದರೆ ಒಳವ್ಯಾಸ 0.884, ಬೋಲ್ಟ್ ತಲೆ ಮೂಲೆಯಿಂದ ಮೂಲೆಗೆ 0.866, ಕೂದಲೆಳೆ ಅಂತರದಲ್ಲಿ ಒಳಗೆ ಹೋಗುತ್ತೆ. ಒಂದೊಂದು ನೂರು ಗ್ರಾಂಗೆ ಸ್ವಲ್ಪ ಕಡಿಮೆ. ನಮ್ಮಲ್ಲಿ ಕೆಳಗೆ ಎರಡು, ಮೇಲೆ ಒಂದು. ನಿಮ್ಮ ಶಾಲೆಯ ಲೆಕ್ಕ ಬೇರೆ ಇರಬಹುದು, ಕೇಳಿ. ಬೋಲ್ಟ್ ಮೈಗೆ ಟೇಪ್ ಸುತ್ತಿ ಬಿಗಿಯಾಗಿ ಕೂರಿಸಿ, ಇಲ್ಲಾಂದ್ರೆ ಗಿಲಕಿ ಥರ ಗಡಗಡ ಅನ್ನುತ್ತೆ. ಪೋಲ್ ತುದಿಗೆ ಕ್ಯಾಪ್ ಹಾಕಿ ಅದರ ಮೇಲೂ ಟೇಪ್, ಅಡ್ಡಡ್ಡ ಎರಡು ಪಟ್ಟಿ, ಸುತ್ತ ಮೂರು ಸುತ್ತು. ಟಾಸ್ ಮಧ್ಯದಲ್ಲಿ ಕ್ಯಾಪ್ ಕಿತ್ತು ಬೋಲ್ಟ್ ಹಾರಿದರೆ ಪಕ್ಕದ ಮಗುವಿನ ಹಲ್ಲು ಹೋಗುತ್ತೆ. ಆಮೇಲೆ ಪೋಲ್‌ನ ಒಂದೇ ಬೆರಳ ಮೇಲೆ ಅಡ್ಡ ಇಟ್ಟು ನೋಡಿ. ತಕ್ಕಡಿ ನಿಲ್ಲೋ ಜಾಗ ಸಿಲ್ಕ್ ಮುಗಿಯೋ ಕಡೆಗೆ ಹತ್ತಿರ ಬಂದರೆ ಸಾಕು.

ಟೇಪ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಬಿಳಿ ಎಲೆಕ್ಟ್ರಿಕಲ್ ಟೇಪ್, ನನ್ನ ಮಟ್ಟಿಗೆ ತ್ರೀಎಂ ಸ್ಕಾಚ್ 35. ತೀರಾ ಅಗ್ಗದ ಉರುಳೆ ಬಿಸಿಲಲ್ಲಿ ಕರಗಿ ಬೆಲ್ಲದ ಪಾಕ ಆಗುತ್ತೆ, ಆ ಅಂಟು ಬಿಡಿಸೋಕೆ ಗೂ ಗಾನ್ ಬಾಟಲಿನೇ ಖಾಲಿ. ಟೇಪ್ ಕೊನೆಯನ್ನ ಯಾವಾಗಲೂ ಒಂದು ಬೆರಳಷ್ಟು ಒಳಗೆ ಮಡಚಿಡಿ. ಶೋ ಮಧ್ಯೆ ಸಿಲ್ಕ್ ಬದಲಿಸುವಾಗ ಉಗುರು ಹಾಕಿ ಕೆರೆಯೋಕೆ ಪುರುಸೊತ್ತಿರಲ್ಲ. ಸಿಲ್ಕ್‌ನ ಡ್ರೈಯರ್‌ಗೆ ಹಾಕಬೇಡಿ. ನಾನು ಹಾಕಿದ್ದೀನಿ, ಹಪ್ಪಳ ಆಗಿತ್ತು.

ಈಗ ಅಭ್ಯಾಸ. ಎರಡು ವಾರ ಟಾಸ್ ಬಂದ್, ಡ್ರಾಪ್ ಸ್ಪಿನ್ (ಎಸೆಯದೆ ಕೈಯಲ್ಲೇ ಚಕ್ರದ ಥರ ತಿರುಗಿಸೋದು) ಮಾತ್ರ. ಮಗು ಮುಖ ಊದಿಸಿಕೊಳ್ಳುತ್ತೆ, ಊದಿಸಿಕೊಳ್ಳಲಿ. ಗ್ಯಾರೇಜ್ ಬಾಗಿಲಿಗೆ ಮುಖ ಮಾಡಿ ನಿಲ್ಲಿಸಿ, ಪೋಲ್‌ಗೂ ಬಾಗಿಲಿಗೂ ಒಂದು ಗೇಣು ಜಾಗ. ಸ್ಪಿನ್ ಚಪ್ಪಟೆಯಾಗಿ ತಿರುಗಿದರೆ ಸದ್ದಿಲ್ಲ. ತುದಿ ಮುಂದಕ್ಕೆ ವಾಲಿದರೆ ಬಾಗಿಲು ಢಣ್ ಅನ್ನುತ್ತೆ. ನೀವು ಪಕ್ಕ ನಿಂತು ಬೈಯೋದೇ ಬೇಡ. ನಮ್ಮ ಬಾಗಿಲಲ್ಲಿ ಈಗಲೂ ಭುಜದ ಎತ್ತರಕ್ಕೆ ಅರ್ಧಚಂದ್ರದ ಥರ ಗುಳಿಗಳ ಸಾಲಿದೆ, ಎಚ್‌ಒಎ (ಬಡಾವಣೆಯ ಮನೆಮಾಲೀಕರ ಸಂಘ) ಕಡೆಯಿಂದ ಒಂದು ಕಾಗದವೂ ಬಂದಿತ್ತು. ಮೆಟ್ರೋನಮ್ 100ಕ್ಕೆ ಇಟ್ಟು ಶುರು ಮಾಡಿ, ಬಾಗಿಲು ಪೂರ್ತಿ ಸುಮ್ಮನಾದ ಮೇಲೆ ನಾಲ್ಕು ನಾಲ್ಕು ಏರಿಸಿ.

ನಿಮ್ಮ ಮಗಳು ಭರತನಾಟ್ಯ ಕಲಿತಿದ್ದಾಳೆ ಅಂದಿರಿ. ಒಳ್ಳೇದು, ಅರ್ಧ ಒಳ್ಳೇದು. ಎಂಟರ ಎಣಿಕೆ ರಕ್ತದಲ್ಲೇ ಇರುತ್ತೆ. ನಾನು ತಕಧಿಮಿ ತಕಜೊಣು ಹೇಳಿಯೇ ಡಬಲ್ ಟೈಮ್ (ಎರಡು ಪಟ್ಟು ವೇಗ) ಕೂರಿಸಿದ್ದು, ಇನ್‌ಸ್ಟ್ರಕ್ಟರ್‌ಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಕಲರ್ ಗಾರ್ಡ್‌ನವರಿಗೆ ಅರಮಂಡಿ ಬೇಡ, ಮಂಡಿ ನೆಟ್ಟಗಿರಬೇಕು. ಕಾಲು ನೆಲಕ್ಕೆ ತಟ್ಟೋ ಅಭ್ಯಾಸವೂ ಬಿಡಬೇಕು. ನನ್ನ ಮಗಳಿಗೆ "ಯಾಕೆ ನೆಲಕ್ಕೆ ಹೊಡೀತೀಯ" ಅಂತ ಕೇಳಿದ್ದರಂತೆ.

ಮನೆ ಒಳಗೆ ಮಾತ್ರ ಬೇಡ. ಲಿವಿಂಗ್ ರೂಂ ಸೀಲಿಂಗ್ ಒಂಬತ್ತಡಿ, ಪೋಲ್ ಆರಡಿ, ಫ್ಯಾನ್ ಮಧ್ಯದಲ್ಲಿ, ಲೆಕ್ಕ ನೀವೇ ಹಾಕಿ. ಟೆಕ್ಸಸ್ ಶಾಲೆಗಳ ಸ್ಪರ್ಧೆ ನಡೆಸೋ ಯುಐಎಲ್ ಸಂಸ್ಥೆಯ ನಿಯಮದ ಪ್ರಕಾರ ಶಾಲೆ ನಡೆಯೋ ವಾರದಲ್ಲಿ ತರಗತಿ ಹೊತ್ತು ಬಿಟ್ಟು ಎಂಟು ಗಂಟೆಗಿಂತ ಹೆಚ್ಚು ರಿಹರ್ಸಲ್ ಮಾಡಿಸೋ ಹಾಗಿಲ್ಲ, ಹಾಗಾಗಿ ಮನೆ ಅಭ್ಯಾಸ ಬೇಕೇ ಬೇಕು, ಒಪ್ಪುತ್ತೀನಿ. ಡ್ರೈವ್‌ವೇ ಇದೆಯಲ್ಲ.

ಮುಂದೆ ಚಳಿಗಾಲದಲ್ಲಿ ಒಳಾಂಗಣದಲ್ಲಿ ನಡೆಯೋ ವಿಂಟರ್ ಗಾರ್ಡ್‌ಗೆ ಹೋಗಿ ರೈಫಲ್ ಹಿಡಿದರೆ ಇನ್ನೊಂದು ಮಾತು. ಬಿಳಿ ಬಣ್ಣದ ಮರದ ತುಂಡು ಅಂತ ನಮಗೆ ಗೊತ್ತು, ದೂರದಿಂದ ನೋಡಿದವರಿಗೆ ಗೊತ್ತಾಗಲ್ಲ. ಪಾರ್ಕಿಗೆ ಒಂಟಿಯಾಗಿ ಕಳಿಸಬೇಡಿ, ಕಾರಿನ ಹಿಂದಿನ ಸೀಟಲ್ಲಿ ಕಾಣೋ ಹಾಗೆ ಬಿಡಬೇಡಿ, ಬ್ಯಾಗಲ್ಲೇ ಇರಲಿ. ನಮ್ಮ ಮೈಬಣ್ಣಕ್ಕೆ ಇದು ಎರಡು ಪಟ್ಟು ಅನ್ವಯ. ಡೇಟನ್‌ನಲ್ಲಿ ನಡೆಯೋ ಡಬ್ಲ್ಯೂಜಿಐ (ವಿಂಟರ್ ಗಾರ್ಡ್ ಸ್ಪರ್ಧೆ) ಫೈನಲ್ಸ್ ಬಗ್ಗೆ ಕನಸು ಆಮೇಲೆ ಕಾಣೋಣ.

ಕೊನೆಗೆ, ಇದೇ ಥ್ರೆಡ್‌ನಲ್ಲಿ "ಆಗಸ್ಟ್ 15ಕ್ಕೆ ಸಂಘದಲ್ಲಿ ಮಕ್ಕಳ ಕೈಲಿ ತ್ರಿವರ್ಣ ಧ್ವಜ ತಿರುಗಿಸೋಣ" ಅಂತ ಬರೆದ ಮೇಡಂಗೆ: ದಯವಿಟ್ಟು ಬೇಡಿ. ಡ್ರಾಪ್ ಸ್ಪಿನ್ ಅಂದರೇನೇ ಬಾವುಟ ತಲೆಕೆಳಗಾಗೋದು, ಕೈ ತಪ್ಪಿದರೆ ನೆಲಕ್ಕೆ. 2002ರ ಭಾರತೀಯ ಧ್ವಜ ಸಂಹಿತೆ ಪ್ರಕಾರ ಧ್ವಜ ನೆಲ ಮುಟ್ಟಬಾರದು, ತಲೆಕೆಳಗಾಗಬಾರದು. ಇಲ್ಲಿನ ಶಾಲೆಗಳೂ ಸಾಮಾನ್ಯವಾಗಿ ಅಮೆರಿಕದ ಧ್ವಜ ತಿರುಗಿಸಲ್ಲ, ಗಮನಿಸಿ. ಬರೀ ಕೇಸರಿ, ಬರೀ ಬಿಳಿ, ಬರೀ ಹಸಿರು ಸಿಲ್ಕ್ ಮೂರು ಸಾಲು ಮಕ್ಕಳಿಗೆ ಕೊಡಿ. ರಾಜ್ಯೋತ್ಸವಕ್ಕೆ ನಾವು ಹಾಗೇ ಹಳದಿ, ಕೆಂಪು ಬೇರೆ ಬೇರೆ ಕೊಟ್ಟಿದ್ದು, ಪೋಲ್ ತಿರುಗುವಾಗ ಎರಡೂ ಬಣ್ಣ ಸೇರಿಕೊಂಡಿದ್ದು ನೋಡಿ ಹಿರಿಯರು ಎದ್ದು ನಿಂತರು.

ಸರ್, ನಮ್ಮ ಗ್ಯಾರೇಜಲ್ಲಿ ಟೇಪ್ ಮಾಡಿದ ಆರಡಿ ಪೋಲ್ ಒಂದು ಸುಮ್ಮನೆ ಬಿದ್ದಿದೆ. ಶನಿವಾರ ಮಗಳನ್ನ ಕರ್ಕೊಂಡು ಬನ್ನಿ, ಬೋಲ್ಟ್ ಹಾಕಿ ಕೊಡ್ತೀನಿ. ಪಿವಿಸಿ ಪೈಪ್ ಬಿಸಾಡಬೇಡಿ, ನಮ್ಮದು ಹಿತ್ತಲಲ್ಲಿ ಹೀರೆ ಬಳ್ಳಿಗೆ ಆಸರೆಯಾಗಿ ನಿಂತಿದೆ, ಅಲ್ಲೂ ಸ್ವಲ್ಪ ಬಾಗಿದೆ.