ಮಗನ ಮಾತಷ್ಟೇ ಕೇಳುವ ಹಾಡು

ಪ್ರಶ್ನೆ: ಅಮೆರಿಕದ ಹಳ್ಳಿಗಾಡಿನ ಹಾಡುಗಳಿಂದ ಬೆಳೆದ ಕಂಟ್ರಿ ಸಂಗೀತದಲ್ಲಿ ಟಾಮ್ ಟಿ. ಹಾಲ್ ಅವರನ್ನು ‘ಕಥೆಗಾರ’ ಎಂದೇ ಕರೆಯುತ್ತಾರಂತೆ. ಹಾಡು ಬರೆಯುವವರಿಗೆ ಈ ಹೆಸರು ಹೇಗೆ ಬಂತು? ಅವರ ಬದುಕಿಗೂ ಹಾಡುಗಳಿಗೂ ಏನು ನಂಟು?
– ಓದುಗರೊಬ್ಬರು, ತುಮಕೂರು

ಉತ್ತರ: ಹಾಲ್ ಅವರ ಹಾಡುಗಳಲ್ಲಿ ಭಾವಕ್ಕಿಂತ ಮೊದಲು ಮನುಷ್ಯರು ಬರುತ್ತಾರೆ, ಅವರಾಡುವ ಮಾತಿನ ಜೊತೆಗೆ, ಬಾಯಿಬಿಟ್ಟು ಹೇಳಲಾರದೆ ಒಳಗೇ ಉಳಿಸಿಕೊಂಡದ್ದೂ ಕೇಳಿಸುತ್ತದೆ. ಆ ಹೆಸರು ಸಲ್ಲುವುದು ಇದಕ್ಕಾಗಿಯೇ.

ಅವರು ಹುಟ್ಟಿದ್ದು 1936ರಲ್ಲಿ, ಕೆಂಟಕಿ ರಾಜ್ಯದ ಆಲಿವ್ ಹಿಲ್ ಎಂಬ ಸಣ್ಣ ಊರಿನಲ್ಲಿ. ಎಳವೆಯಲ್ಲೇ ತಾಯಿಯನ್ನು ಕಳೆದುಕೊಂಡರು. ಇಟ್ಟಿಗೆ ಕಟ್ಟುವ ಕೆಲಸದ ಜೊತೆಗೆ ಧರ್ಮಬೋಧನೆಯನ್ನೂ ಮಾಡುತ್ತಿದ್ದ ತಂದೆ ಬೇಟೆಯ ಅವಘಡವೊಂದರಲ್ಲಿ ಗಾಯಗೊಂಡಾಗ, ಹದಿಹರೆಯದ ಹುಡುಗ ಶಾಲೆ ಬಿಟ್ಟು ಸಿದ್ಧ ಉಡುಪಿನ ಕಾರ್ಖಾನೆ ಸೇರಬೇಕಾಯಿತು. ನೆರೆಯಲ್ಲಿದ್ದ, ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಗಿಟಾರ್ ವಾದಕನೊಬ್ಬ ಅವರ ಪಾಲಿಗೆ ಮೊದಲ ಗುರುವಿನಂತಿದ್ದ. ಅವನನ್ನೇ ಹೆಸರು ಬದಲಿಸಿ 1971ರಲ್ಲಿ ಹಾಡಾಗಿಸಿದರು. ರೇಡಿಯೊ ನಿರೂಪಣೆ, ಜರ್ಮನಿಯಲ್ಲಿ ಸೈನಿಕ ಸೇವೆ ಎಲ್ಲ ಮುಗಿಸಿ, 1964ರಲ್ಲಿ ಕಂಟ್ರಿ ಸಂಗೀತದ ಕೇಂದ್ರವಾದ ನ್ಯಾಶ್‌ವಿಲ್ ನಗರ ತಲುಪಿದರು. ಅವರು ಬರೆದು ಜೀನಿ ಸಿ. ರೈಲಿ ಹಾಡಿದ ‘ಹಾರ್ಪರ್ ವ್ಯಾಲಿ ಪಿ.ಟಿ.ಎ.’ 1968ರಲ್ಲಿ ದೇಶದಾದ್ಯಂತ ಮನೆಮಾತಾಯಿತು. ತನ್ನ ನಡತೆಯನ್ನು ಆಕ್ಷೇಪಿಸಿದ ಪೋಷಕ-ಶಿಕ್ಷಕರ ಸಂಘದ ಸಭೆಗೇ ಹೋಗಿ, ಅಲ್ಲಿನ ದೊಡ್ಡ ಮನುಷ್ಯರ ಗುಟ್ಟುಗಳನ್ನು ಒಂದೊಂದಾಗಿ ಬಯಲಿಗೆಳೆಯುವ ವಿಧವೆಯ ಕಥೆ ಅದು.

ಮುಂದೆ ಅವರು ಕಾದಂಬರಿಯನ್ನೂ ಬರೆದರು. ಆದರೆ ನನ್ನ ಎಣಿಕೆಯಲ್ಲಿ ಅವರ ಅತ್ಯುತ್ತಮ ಸಣ್ಣಕಥೆ 1969ರ ‘ಹೋಮ್‌ಕಮಿಂಗ್’ ಎಂಬ ಹಾಡು. ಊರೂರು ಸುತ್ತುವ ಗಾಯಕನೊಬ್ಬ ಬಹುಕಾಲದ ನಂತರ ತಂದೆಯನ್ನು ನೋಡಲು ಬಂದಿದ್ದಾನೆ. ಕೇಳಿಸುವುದು ಮಗನ ಮಾತು ಮಾತ್ರ. ಅಪ್ಪ ಏನು ಕೇಳಿದರೆಂಬುದನ್ನು ಅವನ ಉತ್ತರಗಳಿಂದಲೇ ನಾವು ಊಹಿಸಿಕೊಳ್ಳಬೇಕು. ತಾನು ಹಾಡುವ ಜಾಗಗಳನ್ನು ಬಿಯರ್ ಅಂಗಡಿಗಳೆನ್ನಬಾರದು, ಅವು ನೈಟ್‌ಕ್ಲಬ್‌ಗಳು ಎಂದು ಅವನು ತಿದ್ದಿದಾಗ, ಮುದುಕ ಕೇಳಿದ ಪ್ರಶ್ನೆಯಷ್ಟೇ ಅಲ್ಲ, ಅದನ್ನು ಕೇಳಿದ ದನಿಯೂ ನಮಗೆ ತಿಳಿದುಹೋಗುತ್ತದೆ. ತೂಕ ಇಳಿದಿರುವುದಕ್ಕೂ ಬೆರಳಿನ ಉಂಗುರಕ್ಕೂ ಅವನಲ್ಲಿ ವಿವರಣೆಯಿದೆ. ತಾಯಿ ತೀರಿಕೊಂಡಾಗ ಬರಲಾಗಲಿಲ್ಲವೆಂಬುದನ್ನು ಮಾತ್ರ ಎರಡು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿಬಿಡುತ್ತಾನೆ. ಆ ಅವಸರವನ್ನು ಕೇಳುವಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

ಅಂದೇ ರಾತ್ರಿ ಬೇರೊಂದು ಊರಿನಲ್ಲಿ ಕಾರ್ಯಕ್ರಮವಿದೆ. ಅಪ್ಪನ ಫೋನ್ ನಂಬರನ್ನು ಅವನು ಬರೆದುಕೊಳ್ಳುವುದು ಹೊರಟು ನಿಂತ ಮೇಲೆ.