ನಾಸ್ಟ್ರಡಾಮಸ್‌ ಪದ್ಯದಿಂದ ಹೊಸ ಧರ್ಮ ಹುಟ್ಟುತ್ತಾ? ನಾನು ಅಂಥದ್ದೊಂದು ಗುಂಪಿನಲ್ಲಿದ್ದೆ

ಗುರುವಾರ ಸಂಜೆ ಗೆಳೆಯರೆಲ್ಲ ಸೇರಿ, ಹದಿನಾರನೇ ಶತಮಾನದಲ್ಲಿ ಪದ್ಯಗಳಲ್ಲಿ ಭವಿಷ್ಯ ಬರೆದ ಫ್ರಾನ್ಸಿನ ನಾಸ್ಟ್ರಡಾಮಸ್ ಬಗ್ಗೆ ವಿಡಿಯೋ ನೋಡ್ತೀವಿ, ಮೂರು ಸಮುದ್ರದ ನಾಡಿನಲ್ಲಿ ಹುಟ್ಟುವ ಮಹಾಪುರುಷನ ಪದ್ಯದಿಂದ ಹೊಸ ಧರ್ಮವೇ ಶುರುವಾಗಬಹುದಾ ಅಂತ ಕೇಳಿದ್ದೀರಿ. 1998-99ರಲ್ಲಿ ದಾವಣಗೆರೆಯಲ್ಲಿ ನಾನೂ ಅದೇ ಪದ್ಯ ಹಿಡಿದು, ಅದೇ ಗುರುವಾರ ಕೂರುತ್ತಿದ್ದೆ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಒಬ್ಬರ ಮನೆಯ ಮಾಳಿಗೆ ಮೇಲೆ ಒಂದು ಕೋಣೆ. ಮೊದಲು ಭಜನೆ, ಆಮೇಲೆ ಮಂಡಕ್ಕಿ, ಚಹಾ, ಆಮೇಲೆ ಪದ್ಯ. ನಡೆಸುತ್ತಿದ್ದವರನ್ನು ಗುರುಗಳು ಅಂತಲೇ ಕರೆಯುತ್ತಿದ್ದೆವು. ಒಳ್ಳೆಯ ಮಾತುಗಾರರು. ನಾಸ್ಟ್ರಡಾಮಸ್ ಪದ್ಯಗಳನ್ನು ಸುಮಾರು ನೂರು ನೂರರ ಕಟ್ಟು ಮಾಡಿದ್ದಾರೆ, ಒಂದೊಂದು ಕಟ್ಟಿಗೆ ಶತಕ ಅನ್ನುತ್ತಾರೆ. ಮೊದಲ ಶತಕದ 50ನೇ ಪದ್ಯ ಅವರ ಬಾಯಲ್ಲಿ ಯಾವಾಗಲೂ ಇರುತ್ತಿತ್ತು: ನೀರಿನ ತ್ರಿಕೂಟದಿಂದ ಒಬ್ಬ ಹುಟ್ಟುತ್ತಾನೆ, ಗುರುವಾರವನ್ನು ತನ್ನ ಹಬ್ಬದ ದಿನ ಮಾಡಿಕೊಳ್ಳುತ್ತಾನೆ, ನೆಲದ ಮೇಲೂ ಕಡಲ ಮೇಲೂ ಅವನ ಕೀರ್ತಿ ಬೆಳೆಯುತ್ತದೆ. ಮೂರು ಸಮುದ್ರ ಸೇರುವುದು ಕನ್ಯಾಕುಮಾರಿಯಲ್ಲಿ, ಹಾಗಾದರೆ ಅದು ಭಾರತವೇ. ಗುರುವಾರ ಅಂದರೆ ನಮ್ಮ ಗುರುವಾರವೇ. ಆ ಪುರುಷ ತಾವೇ ಅಂತ ಅವರು ಒಂದು ದಿನವೂ ಹೇಳಲಿಲ್ಲ. ಬೇರೆಯವರು ಹೇಳಿದಾಗ ಬೇಡ ಅಂತಲೂ ಅನ್ನಲಿಲ್ಲ.

ಈಗ ಗೊತ್ತಾಗಿರುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಸ್ಟ್ರಡಾಮಸ್ ಜ್ಯೋತಿಷಿ. ಅವನ ಕಾಲದ ಜ್ಯೋತಿಷ್ಯದಲ್ಲಿ ಹನ್ನೆರಡು ರಾಶಿಗಳನ್ನು ಬೆಂಕಿ, ಮಣ್ಣು, ಗಾಳಿ, ನೀರು ಅಂತ ಮೂರು ಮೂರರ ಗುಂಪು ಮಾಡುತ್ತಿದ್ದರು. ನೀರಿನ ಮೂರು ಅಂದರೆ ಕರ್ಕಾಟಕ, ವೃಶ್ಚಿಕ, ಮೀನ. ಆ ಪದ್ಯದಲ್ಲಿ ಸಮುದ್ರಗಳ ಲೆಕ್ಕ ಇಲ್ಲ, ಕನ್ಯಾಕುಮಾರಿಯೂ ಇಲ್ಲ. ಪಂಚಾಂಗ ನೋಡುವ ಯಾರನ್ನು ಕೇಳಿದ್ದರೂ ಜಲರಾಶಿ ಯಾವುವು ಅಂತ ಹೇಳುತ್ತಿದ್ದರು. ನಾವು ಕೇಳಲೇ ಇಲ್ಲ.

ನಮ್ಮ ಗುಂಪಿಗೆ ಇನ್ನೊಂದು ಪದ್ಯ ಇತ್ತು, ಹತ್ತನೇ ಶತಕದ 72ನೆಯದು. 1999ರ ಏಳನೇ ತಿಂಗಳು, ಆಕಾಶದಿಂದ ಭಯದ ಮಹಾರಾಜ ಬರುತ್ತಾನೆ. ವರ್ಷವನ್ನು ಇಷ್ಟು ಸ್ಪಷ್ಟವಾಗಿ ಹೇಳುವ ಪದ್ಯ ಅವನಲ್ಲಿ ತೀರಾ ಅಪರೂಪ. ಜಗತ್ತಿನಲ್ಲಿ ದೊಡ್ಡ ಅನಾಹುತ ಆಗುತ್ತದೆ, ಅದಾದ ಮೇಲೆ ದಕ್ಷಿಣದಿಂದ ಹೊಸ ಧರ್ಮ ಏಳುತ್ತದೆ, ಅದರ ಮೊದಲ ಸಾಲಿನಲ್ಲಿ ನಾವಿರುತ್ತೇವೆ. ಇದು ನಮ್ಮ ನಂಬಿಕೆ.

ಆ ವರ್ಷವೇ ನನಗೆ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕನ ಕೆಲಸಕ್ಕೆ ನೇಮಕಾತಿ ಆದೇಶ ಬಂತು. ದೂರದ ಜಿಲ್ಲೆ, ಜೂನ್ ಒಳಗೆ ಹೋಗಿ ಹಾಜರಾಗಬೇಕಿತ್ತು. ಗುರುಗಳು ಬೇಡ ಅನ್ನಲಿಲ್ಲ, "ಇನ್ನೊಂದು ತಿಂಗಳು ನೋಡಪ್ಪಾ" ಅಂದರು ಅಷ್ಟೇ. ನಾನು ಹೋಗಲಿಲ್ಲ. ಗಡುವು ಮುಗಿಯಿತು. ಅಪ್ಪ ಬಹಳ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅವ್ವ ಮಾತ್ರ ಊಟಕ್ಕೆ ಕರೆಯುತ್ತಿದ್ದಳು.

ನಂಬಿದ್ದೇ ತಪ್ಪು ಅಂತ ನೀವು ಅಂದುಕೊಳ್ಳಬಹುದು. ನನ್ನ ಪ್ರಕಾರ ತಪ್ಪು ಅದಕ್ಕಿಂತ ಸಣ್ಣದು, ಆದರೆ ಎಲ್ಲವೂ ಅದರಿಂದಲೇ ಆಯಿತು. ಅದನ್ನು ಬಿಡಿಸಿ ಹೇಳಬೇಕು. ನನ್ನ ಹತ್ತಿರ ಒಂದು ನೋಟ್‌ಬುಕ್ ಇತ್ತು. ಎಡಗಡೆ ಪದ್ಯ, ಬಲಗಡೆ ಪತ್ರಿಕೆಯ ಸುದ್ದಿಯ ತುಣುಕು. ಗುಂಪಿನಲ್ಲಿ ಈ ಕೆಲಸ ನನ್ನದು, ಎಲ್ಲರೂ ಮೆಚ್ಚುತ್ತಿದ್ದರು. ಮೇ ತಿಂಗಳಲ್ಲಿ ಕಾರ್ಗಿಲ್ ಯುದ್ಧ ಶುರುವಾಯಿತು. ವಿಮಾನಗಳು ಬಾಂಬ್ ಹಾಕುತ್ತಿದ್ದವು. "ಆಕಾಶದಿಂದ ಭಯದ ರಾಜ" ಅಂತ ಬರೆದು ಪಕ್ಕದಲ್ಲಿ ಅದನ್ನು ಅಂಟಿಸಿದೆ. ಕೈ ನಡುಗಿತ್ತು ನನಗೆ. ಜುಲೈ 26ಕ್ಕೆ ಯುದ್ಧ ಮುಗಿಯಿತು, ನಾವು ಗೆದ್ದೆವು, ಮಹಾಯುದ್ಧ ಏನೂ ಆಗಲಿಲ್ಲ. ಆಗ ನಾನು ಆ ತುಣುಕನ್ನು ಕಿತ್ತು ಹಾಕಬೇಕಿತ್ತು. ಹಾಕಲಿಲ್ಲ. ಹಳೆಯ ಕ್ಯಾಲೆಂಡರ್ ಪ್ರಕಾರ ಏಳನೇ ತಿಂಗಳು ಆಗಸ್ಟ್ ಮಧ್ಯದವರೆಗೂ ಬರುತ್ತದೆ ಅಂತ ಎಲ್ಲೋ ಓದಿ, ಆಗಸ್ಟ್ 11ರ ಸೂರ್ಯಗ್ರಹಣವನ್ನು ಅದರ ಕೆಳಗೆ ಅಂಟಿಸಿದೆ. ಗ್ರಹಣ ಬಂತು, ಹೋಯಿತು. ಆಗಸ್ಟ್ 18ಕ್ಕೆ ಕ್ಯಾಸಿನಿ ಬಾಹ್ಯಾಕಾಶ ನೌಕೆ ಪ್ಲುಟೋನಿಯಂ ಹೊತ್ತು ಭೂಮಿಯ ಹತ್ತಿರದಿಂದ ಹಾಯುತ್ತದೆ ಅಂತ ಇನ್ನೊಂದು. ಅದು ಸುಮ್ನೆ ಶನಿಗ್ರಹದ ದಾರಿ ಹಿಡಿಯಿತು. ಮಾರ್ಚ್‌ನಿಂದ ಎಣಿಸಿದರೆ ಏಳನೆಯದು ಸೆಪ್ಟೆಂಬರ್ ಅಂದೆವು. ಅಕ್ಟೋಬರ್ 29ಕ್ಕೆ ಒಡಿಶಾಕ್ಕೆ ಭೀಕರ ಚಂಡಮಾರುತ ಬಡಿಯಿತು, ಸಾವಿರಾರು ಜನ ಸತ್ತರು. ನಾನು ಆ ಸಾವುಗಳನ್ನೂ ಅಂಟಿಸಿದೆ. ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ. ಅಷ್ಟು ಜನರ ದುಃಖ ನನಗೆ ಆಗ ಒಂದು ಸಾಕ್ಷಿಯಾಗಿ ಕಂಡಿತ್ತು.

ನೋಡಿ, ಬಲಗಡೆ ಬದಲಾಗುತ್ತಾ ಹೋಯಿತು, ಎಡಗಡೆಯ ಪದ್ಯ ಹಾಗೇ ಇತ್ತು. ಅದು ನಿಜವಾಗುತ್ತಿದೆ ಅಂತ ನಮಗೆ ಅನ್ನಿಸುತ್ತಿದ್ದುದೂ ಅದಕ್ಕೇ. ಏನಾದರೆ ಈ ಪದ್ಯ ಸುಳ್ಳು ಅಂತ ಒಪ್ಪಿಕೊಳ್ಳುತ್ತೇನೆ ಅನ್ನುವುದನ್ನು ನಾನು ಮೊದಲೇ ಒಂದು ಸಾಲು ಬರೆದಿಡಲಿಲ್ಲ. ಜೂನ್‌ನಲ್ಲೇ "ಜುಲೈ 31ರ ಒಳಗೆ ಇಂಥದ್ದು ಆಗದಿದ್ದರೆ ಇದು ಸುಳ್ಳು" ಅಂತ ತಾರೀಖು ಹಾಕಿ ಬರೆದಿದ್ದರೆ, ಆಗಸ್ಟ್ ಒಂದಕ್ಕೆ ನಾನು ಬಸ್ ಹತ್ತಿ ಆ ಜಿಲ್ಲೆಗೆ ಹೋಗಿ ಕಚೇರಿಯಲ್ಲಿ ಕೈಮುಗಿದು ಕೇಳಿಕೊಳ್ಳುತ್ತಿದ್ದೆನೇನೋ. ತಡವಾಗಿ ಹೋದವರನ್ನೂ ಕೆಲವು ಕಡೆ ಸೇರಿಸಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು. ಹೊಂದಿದ್ದನ್ನೆಲ್ಲ ಅಂಟಿಸಿದೆ, ಹೊಂದದ್ದಕ್ಕೆ ಪುಟವೇ ಇರಲಿಲ್ಲ. ನನ್ನ ಜೊತೆ ಆದೇಶ ಬಂದ ಗೆಳೆಯ ಹೋಗಿ ಸೇರಿದ. 2006ರ ಏಪ್ರಿಲ್‌ಗಿಂತ ಮುಂಚೆ ಸೇರಿದ್ದರಿಂದ ಅವನಿಗೆ ಹಳೆಯ ಪಿಂಚಣಿ ಇದೆ. ನಾನು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ.

ಗುಂಪು ಏನಾಯಿತು ಅಂತ ಕೇಳುತ್ತೀರಿ. 2000 ಬಂದ ಮೇಲೆ ಕೆಲವರು ಬಿಟ್ಟರು. ಉಳಿದವರು ಇನ್ನೂ ಗಟ್ಟಿಯಾದರು. ಅನಾಹುತ ಸೂಕ್ಷ್ಮ ಲೋಕದಲ್ಲಿ ಆಗಿದೆ, ನಮ್ಮ ಕಣ್ಣಿಗೆ ಕಾಣಲಿಲ್ಲ ಅಷ್ಟೇ ಅಂದರು ಗುರುಗಳು. ಆಶ್ರಮಕ್ಕೆ ಸೈಟ್ ಕೊಳ್ಳುವ ಮಾತು ಬಂತು. ಅದು ಯಾರ ಹೆಸರಿಗೆ ಅನ್ನುವಲ್ಲಿ ಜಗಳವಾಗಿ ಎಲ್ಲ ಒಡೆದುಹೋಯಿತು.

ಈ "ಕಣ್ಣಿಗೆ ಕಾಣಲಿಲ್ಲ" ಅನ್ನುವ ಮಾತು ಹೊಸದಲ್ಲ ಅಂತ ಗೊತ್ತಾಗಿದ್ದು ಆಮೇಲೆ, ಅಮೆರಿಕದ ವಿಲಿಯಂ ಮಿಲ್ಲರ್ ಬಗ್ಗೆ ಓದಿದಾಗ. ಅವನೊಬ್ಬ ರೈತ, ಬೈಬಲ್ಲಿನ ದಾನಿಯೇಲನ ಪುಸ್ತಕದಲ್ಲಿ ಬರುವ 2300 ದಿನಗಳನ್ನು ವರ್ಷ ಅಂತ ಲೆಕ್ಕ ಹಾಕಿ ಕ್ರಿಸ್ತ ಮರಳಿ ಬರುವ ಕಾಲ ಹೇಳಿದ. ಮೊದಲ ಗಡುವು ತಪ್ಪಿತು, ಹಿಂಬಾಲಕರು 1844ರ ಅಕ್ಟೋಬರ್ 22 ಅಂತ ನಿಗದಿ ಮಾಡಿದರು. ಸಾವಿರಾರು ಜನ ಕಾದರು, ಕೆಲವರು ಹೊಲದ ಬೆಳೆಯನ್ನೇ ಕೊಯ್ಯಲಿಲ್ಲ. ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ ಹೈರಮ್ ಎಡ್ಸನ್ ಅನ್ನುವವನಿಗೆ ಹೊಳೆಯಿತು: ತಾರೀಖು ಸರಿ, ಆದರೆ ಆ ಘಟನೆ ನಡೆದಿದ್ದು ಸ್ವರ್ಗದಲ್ಲಿ! ನಮ್ಮ ಗುರುಗಳು ಹೇಳಿದ್ದೂ ಇದೇ ಅಲ್ವಾ.

ಆದರೆ ಮಿಲ್ಲರ್ ಗುಂಪಿನಿಂದ ನಿಜವಾಗಿಯೂ ಒಂದು ಪಂಥ ಬೆಳೆಯಿತು. ಸೆವೆಂತ್ ಡೇ ಅಡ್ವೆಂಟಿಸ್ಟ್ ಚರ್ಚ್, 1863ರಲ್ಲಿ ಸ್ಥಾಪನೆಯಾಯಿತು, ಈಗ ಜಗತ್ತಿನಾದ್ಯಂತ 2 ಕೋಟಿಗೂ ಜಾಸ್ತಿ ಜನ. ಬೆಂಗಳೂರಿನಲ್ಲೂ ಅವರ ಶಾಲೆ ಕಾಲೇಜು ಇದೆ. ಯಾಕೆ ಉಳಿಯಿತು? ತಾರೀಖಿನಿಂದ ಅಲ್ಲ, ತಾರೀಖು ಸುಳ್ಳಾಗಿತ್ತು. ಶನಿವಾರ ಕೆಲಸ ಬಿಡಬೇಕು, ಹೆಂಡ ತಂಬಾಕು ಮುಟ್ಟಬಾರದು, ಹೀಗೆ ಉಣ್ಣಬೇಕು, ಆಸ್ಪತ್ರೆ ಕಟ್ಟಬೇಕು, ಶಾಲೆ ನಡೆಸಬೇಕು. ದಿನಾ ಮಾಡುವುದಕ್ಕೆ ಕೆಲಸ ಇತ್ತು. ಆ ಚರ್ಚಿನ ಸ್ಥಾಪಕರಲ್ಲಿ ಒಬ್ಬಳಾದ ಎಲೆನ್ ವೈಟ್ ಥರದವರು ಅದನ್ನು ಜೀವನಪೂರ್ತಿ ಬೆಳೆಸಿದರು.

ಅದನ್ನೇ ನಾಸ್ಟ್ರಡಾಮಸ್‌ನಲ್ಲಿ ಹುಡುಕಿ ನೋಡಿ. 942 ಪದ್ಯಗಳಿವೆ. ಯುದ್ಧ, ರೋಗ, ಕ್ಷಾಮ, ರಾಜರ ಸಾವು. ಮಗುವಿಗೆ ಹೆಸರು ಹೇಗೆ ಇಡಬೇಕು, ಮದುವೆ ಹೇಗೆ ಆಗಬೇಕು, ಸತ್ತವರನ್ನು ಹೇಗೆ ಕಳಿಸಬೇಕು, ಪಕ್ಕದ ಮನೆಯವನು ಹಸಿದಿದ್ದರೆ ಏನು ಮಾಡಬೇಕು, ಒಂದು ಸಾಲೂ ಇಲ್ಲ. ಅವನು ಬೇರೆ ಧರ್ಮ ಬಯಸಿದವನೂ ಅಲ್ಲ. 1503ರಲ್ಲಿ ದಕ್ಷಿಣ ಫ್ರಾನ್ಸ್‌ನಲ್ಲಿ ಹುಟ್ಟಿದ, ಪ್ಲೇಗ್ ರೋಗಿಗಳನ್ನು ನೋಡಿಕೊಂಡ, ವರ್ಷವರ್ಷ ಪಂಚಾಂಗದಂಥ ಪುಸ್ತಕ ಬರೆದು ಮಾರಿದ, 1555ರಲ್ಲಿ ಪದ್ಯಗಳ ಮೊದಲ ಕಂತು ಲಿಯೋನ್‌ನಲ್ಲಿ ಅಚ್ಚಾಯಿತು. 1566ರಲ್ಲಿ ಸಲೋನ್ ಊರಲ್ಲಿ ಕ್ಯಾಥೊಲಿಕನಾಗಿಯೇ ಸತ್ತ, ಚರ್ಚಿನಲ್ಲೇ ಮಣ್ಣಾದ. ತನ್ನ ಭವಿಷ್ಯ 3797ರವರೆಗೂ ಇದೆ ಅಂತ ಮಗನಿಗೆ ಬರೆದ ಮುನ್ನುಡಿಯಲ್ಲಿ ಹೇಳಿದ್ದಾನೆ. ಅಷ್ಟು ಉದ್ದದ ಗಡುವು ಇದ್ದರೆ ಯಾವತ್ತೂ ಸೋಲುವುದಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ ಅಂತ ನನಗನ್ನಿಸುತ್ತದೆ. ಭವಿಷ್ಯವಾಣಿ ಧರ್ಮ ಹುಟ್ಟಿಸುವುದಿಲ್ಲ. ಮೊದಲೇ ಒಬ್ಬ ನಾಯಕ ಬೇಕು ಅಂತ ಹಂಬಲಿಸುವ ಜನ ಇರುತ್ತಾರೆ, ನಾನೇ ಆ ನಾಯಕ ಅನ್ನುವವನೂ ಇರುತ್ತಾನೆ, ಪದ್ಯ ಆಮೇಲೆ ಸಿಗುತ್ತದೆ. ಜಪಾನಿನಲ್ಲಿ ಇದು ಕಣ್ಣ ಮುಂದೆಯೇ ನಡೆಯಿತು. 1973ರಲ್ಲಿ ಅಲ್ಲಿ ಈ 1999ರ ಪದ್ಯದ ಮೇಲೆ ಬಂದ ಒಂದು ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು, ಒಂದು ತಲೆಮಾರಿನ ಮಕ್ಕಳು 1999ಕ್ಕೆ ಎಲ್ಲ ಮುಗಿಯುತ್ತದೆ ಅಂದುಕೊಂಡೇ ಬೆಳೆದರು. ಯೋಗ ಹೇಳಿಕೊಡುತ್ತಿದ್ದ ಶೋಕೋ ಅಸಹಾರ ಅದೇ ಭಯವನ್ನು ಹಿಡಿದ, ನಾಸ್ಟ್ರಡಾಮಸ್ ಪದ್ಯಗಳಿಗೆ ತಾನೇ ಅರ್ಥ ಬರೆದ. ಅವನ ಓಂ ಶಿನ್ರಿಕ್ಯೋ ಪಂಥಕ್ಕೆ ವಿಜ್ಞಾನ ಓದಿದ ಹುಡುಗರೂ ಸೇರಿದರು. 1995ರ ಮಾರ್ಚ್ 20ರಂದು ಟೋಕಿಯೋ ಸುರಂಗ ರೈಲಿನಲ್ಲಿ ಅವರು ಸರಿನ್ ವಿಷಾನಿಲ ಬಿಟ್ಟರು. ಹತ್ತಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಅಸ್ವಸ್ಥರಾದರು. 2018ರಲ್ಲಿ ಅವನನ್ನು ಗಲ್ಲಿಗೇರಿಸಿದರು. "ಹೊಸ ಧರ್ಮ ಹುಟ್ಟಬಹುದಾ" ಅನ್ನುವುದಕ್ಕೆ ಹೌದು ಅಂತ ಉತ್ತರ ಕೊಡಬೇಕಾದರೆ, ನನಗೆ ಕಾಣುವ ಹೌದು ಇದು.

ಭವಿಷ್ಯ ಕೇಳುವುದೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಕಡೆ ಮೈಲಾರಕ್ಕೆ ಪ್ರತಿ ವರ್ಷ ಭರತ ಹುಣ್ಣಿಮೆ ಜಾತ್ರೆಗೆ ಹೋಗುತ್ತಾರೆ. ಗೊರವಯ್ಯ ಬಿಲ್ಲು ಏರಿ "ಸದ್ದಲೇ" ಅಂತ ಕೂಗಿದರೆ ಲಕ್ಷಾಂತರ ಜನ ಉಸಿರು ಬಿಗಿ ಹಿಡಿಯುತ್ತಾರೆ. ಒಂದೇ ಒಂದು ಸಾಲು ಕಾರ್ಣಿಕ ನುಡಿದು ಅವನು ಮೇಲಿನಿಂದ ಬೀಳುತ್ತಾನೆ. ರೈತರು ಅದನ್ನು ಮಳೆಗೆ ಹೊಂದಿಸುತ್ತಾರೆ, ಪಕ್ಷದವರು ಕುರ್ಚಿಗೆ. ಹೊಂದಲಿಲ್ಲ ಅಂತ ಯಾರಾದರೂ ಮೈಲಾರಲಿಂಗನನ್ನು ಬಿಟ್ಟಿದ್ದಾರಾ? ನಮ್ಮ ಅವ್ವ ಕಾರ್ಣಿಕ ಕೇಳಿ, ಭಂಡಾರ ಹಚ್ಚಿಕೊಂಡು ಊರಿಗೆ ಬಂದು, ಬಿತ್ತನೆ ಬೀಜ ಆರಿಸಲು ಕೂರುತ್ತಿದ್ದಳು. ಅಲ್ಲಿ ಭಕ್ತಿ ಮೊದಲು, ನುಡಿ ಅದರೊಳಗಿನ ಒಂದು ಚೂರು. ನಮ್ಮ ಮಾಳಿಗೆ ಕೋಣೆಯಲ್ಲಿ ಆ ಚೂರೇ ಎಲ್ಲ ಆಗಿತ್ತು, ಅದಕ್ಕೇ ನಾನು ಕೆಲಸ ಬಿಟ್ಟೆ.

ನಿಮ್ಮ ಗುಂಪಿನಲ್ಲಿ ಈಗ ಒಬ್ಬರು ಚಂದಾ ಎತ್ತಲು ಶುರು ಮಾಡಿದ್ದಾರೆ ಅಂತ ಬರೆದಿದ್ದೀರಿ. ದುಡ್ಡು ಕೊಡಬೇಡಿ. ಓದು, ಕೆಲಸ, ಮದುವೆ ಯಾವುದನ್ನೂ ಆ ಪದ್ಯಕ್ಕಾಗಿ ಮುಂದೆ ಹಾಕಬೇಡಿ. ಮುಂದಿನ ಗುರುವಾರ ಹೋದರೆ ಒಂದೇ ಪ್ರಶ್ನೆ ಕೇಳಿ: ಯಾವ ತಾರೀಖಿನೊಳಗೆ ಏನು ಆಗದಿದ್ದರೆ ಇದು ಸುಳ್ಳು ಅಂತ ಒಪ್ಪುತ್ತೀರಿ? ಬರೆದು ಸಹಿ ಹಾಕಿ ಕೊಡಲಿ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ, ಇನ್ನೊಂದು ವಾರ ನೋಡೋಣ ಅಂತ ಕೂರಬೇಡಿ. ಮೊಬೈಲಿನಲ್ಲಿ ಬರುವ ಪದ್ಯಗಳನ್ನಂತೂ ಮೊದಲು ಹುಡುಕಿ ನೋಡಿ. 2001ರಲ್ಲಿ ನ್ಯೂಯಾರ್ಕ್ ಕಟ್ಟಡಗಳು ಬಿದ್ದಾಗ ಜಗತ್ತೆಲ್ಲ ಹರಿದಾಡಿದ ಒಂದು ಪದ್ಯ ನಾಸ್ಟ್ರಡಾಮಸ್‌ನದ್ದೇ ಅಲ್ಲ, ಹೀಗೆ ಯಾರು ಬೇಕಾದರೂ ಬರೆಯಬಹುದು ಅಂತ ತೋರಿಸಲು ಕೆನಡಾದ ಒಬ್ಬ ವಿದ್ಯಾರ್ಥಿ ಮೊದಲೇ ಬರೆದಿದ್ದ ಸಾಲುಗಳಿಂದ ಎತ್ತಿಕೊಂಡಿದ್ದು.

ಪದ್ಯ ಓದಲೇಬೇಕು ಅನ್ನಿಸಿದರೆ ಓದಿ, ತಡೆಯುವುದಿಲ್ಲ. ಬೇರೆ ಬೇರೆಯವರು ಮಾಡಿದ ಎರಡು ಇಂಗ್ಲಿಷ್ ಅನುವಾದ ಪಕ್ಕಪಕ್ಕ ಇಟ್ಟುಕೊಳ್ಳಿ, ಮೊದಲ ಶತಕದ 50ನೇ ಪದ್ಯದಿಂದಲೇ ಶುರು ಮಾಡಿ. ಗೆಳೆಯರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.