ಫ್ಲೋರಿಡಾದ ಕಡಲ ಮಗ್ಗುಲಿನ ಮನೆ ಬಿಡೋದಾ? ಗುಡ್ಡದ ಮನೆ ಬಿಟ್ಟವನ ಉತ್ತರ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಊರು ಹಾಸನ. ಹನ್ನೊಂದು ವರ್ಷದಿಂದ ಫ್ಲೋರಿಡಾದ ಕ್ಲಿಯರ್‌ವಾಟರ್ ಹತ್ತಿರ ಸ್ವಂತ ಮನೆ, ಸಮುದ್ರ ಒಂದೂವರೆ ಮೈಲಿ. ಇಬ್ಬರು ಮಕ್ಕಳು, ಈಗ ಅತ್ತೆಯವರೂ ಜೊತೆಗಿದ್ದಾರೆ. ಪ್ರತಿ ವರ್ಷ ಹರಿಕೇನ್, ಅಂದರೆ ಚಂಡಮಾರುತದ ಭಯ. ಅಲ್ಲೇ ಇರೋದಾ, ಒಳನಾಡಿನ ಕಡೆ ಮನೆ ಬದಲಿಸೋದಾ, ಇಲ್ಲ ಎಲ್ಲ ಮಾರಿ ಹಾಸನಕ್ಕೆ ಬಂದುಬಿಡೋದಾ?

ನಾನು ಹವಾಮಾನ ಓದಿದವನಲ್ಲ. ಮೂಡಿಗೆರೆ ತಾಲ್ಲೂಕಿನಲ್ಲಿ ಸಣ್ಣ ಕಾಫಿ ತೋಟ ಇದೆ, ಅಷ್ಟೇ. ಆದರೂ ಬಾಯಿ ಹಾಕುತ್ತಿರುವುದಕ್ಕೆ ಕಾರಣ ಇದೆ. 2019ರಲ್ಲಿ ಗುಡ್ಡ ಜರಿದು ನಾವೇ ಮನೆ ಬಿಟ್ಟವರು. ಮತ್ತೆ 2024ರಲ್ಲಿ ಅಮ್ಮನನ್ನು ಕರೆದುಕೊಂಡು ತಂಗಿ ಮನೆಗೆ ಹೋಗಿದ್ದೆ, ಅವಳಿದ್ದದ್ದು ನಿಮ್ಮದೇ ಪಿನೆಲಸ್ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ). ಹೆಲೀನ್ ಅನ್ನುವ ಹರಿಕೇನ್ ನೋಡಿದೆ, ಹದಿಮೂರು ದಿನ ಬಿಟ್ಟು ಮಿಲ್ಟನ್ ನೋಡಿದೆ. ಪ್ರವಾಸಕ್ಕೆ ಅಂತ ಹೋದವನು ಮಣ್ಣು ಬಾಚಿ ಬಂದೆ.

"ಈ ಜಾಗ ಅಪಾಯವಾ" ಅಂತ ಕೇಳುತ್ತಾ ಕೂತರೆ ತೀರ್ಮಾನ ಆಗಲ್ಲ. ಅಪಾಯವೇ, ಅದರಲ್ಲೇನು ಸಂಶಯ. ನಿಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ಇದನ್ನು ಕೇಳಿ: ಹೊರಡಿ ಅಂತ ಆದೇಶ ಬಂದರೆ ಐದಾರು ಗಂಟೆಯಲ್ಲಿ ಎಲ್ಲರೂ ಹೊರಡಬಲ್ಲೆವಾ, ಅದೂ ವರ್ಷಕ್ಕೆ ಎರಡು ಸಲ ಬಂದರೆ ಎರಡು ಸಲವೂ? ವಾಪಸ್ ಬಂದಾಗ ಮನೆ ಹಾಳಾಗಿದ್ದರೆ ಅದನ್ನು ಎತ್ತಿ ನಿಲ್ಲಿಸುವಷ್ಟು ದುಡ್ಡು, ಕಸುವು ಇದೆಯಾ? ಎರಡಕ್ಕೂ ಹೌದು ಅಂದರೆ ಇರಬಹುದು. ಒಂದಕ್ಕೆ ಇಲ್ಲ ಅಂದರೂ ಮನೆ ಬದಲಿಸಿ.

ಹರಿಕೇನ್ ಒಂದು ವಿಷಯದಲ್ಲಿ ವಾಸಿ, ಹೇಳಿ ಬರುತ್ತದೆ. ಐದು ದಿನ ಮುಂಚೆಯೇ ಟಿವಿಯಲ್ಲಿ ಅದರ ದಾರಿ ತೋರಿಸುತ್ತಾರೆ. ನಮ್ಮ ಗುಡ್ಡ ಹೇಳಲಿಲ್ಲ. ಅವತ್ತು ಆಶ್ಲೇಷ ಮಳೆ. ನಾವು ತೋಟದವರು ಬೆಳಗ್ಗೆ ಎಂಟಕ್ಕೆ ರೈನ್ ಗೇಜ್ ನೋಡಿ ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ) ಅಂತ ಡೈರಿಯಲ್ಲಿ ಬರೆಯುತ್ತೇವಲ್ಲ, ಅಪ್ಪನ ಕಾಲದಿಂದಲೂ ಇದೆ ಆ ಅಭ್ಯಾಸ, ಆ ವಾರ ಡಬ್ಬಿ ತುಂಬಿ ಚೆಲ್ಲಿ ಲೆಕ್ಕವೇ ಸಿಗಲಿಲ್ಲ. ಮಧ್ಯಾಹ್ನ ಮನೆ ಪಕ್ಕದ ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾಯಿತು. ಮನೆ ಹಿಂದಿನ ಧರೆಯಲ್ಲಿ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯಲ್ಲಿ, ಕೈ ತೂರುವಷ್ಟು ಬಿರುಕು. ಅಮ್ಮ "ನಲವತ್ತು ವರ್ಷದಿಂದ ಇಂಥ ಮಳೆ ಎಷ್ಟು ನೋಡಿಲ್ಲ" ಅಂತ ಒಲೆ ಮುಂದೆ ಕೂತೇ ಇದ್ದರು. ಹೆಂಡತಿ ರೇಗಿದ್ದಕ್ಕೆ ಎದ್ದರು. ರಾತ್ರಿ ಧರೆ ಬಂದು ಅಡುಗೆಮನೆ ತುಂಬಿತು. ಆ ಒಲೆ ಈಗಲೂ ಮಣ್ಣಿನ ಕೆಳಗಿದೆ. ಚಾರ್ಮಾಡಿ ರಸ್ತೆ ಬಂದ್, ಕರೆಂಟ್ ಇಲ್ಲ, ಫೋನ್ ಇಲ್ಲ. ಹೊರಗಿನವರಿಗೆ ನಾವು ಬದುಕಿದ್ದೇವಾ ಅಂತ ಗೊತ್ತಾಗೋಕೇ ಮೂರು ದಿನ ಬೇಕಾಯಿತು.

ಹಾಗಾಗಿ ನಿಮಗೆ ಸಿಗುವ ಐದು ದಿನ ದೊಡ್ಡ ವರ. ಆದರೆ ಅದನ್ನು ಬಳಸಿಕೊಳ್ಳುವುದು ಸುಲಭ ಅಲ್ಲ ಅಂತ ತಂಗಿ ಮನೆಯಲ್ಲಿ ಗೊತ್ತಾಯಿತು.

ಅಲ್ಲಿ ಎಲ್ಲರೂ ಕೇಳುವುದು "ಕ್ಯಾಟಗರಿ ಎಷ್ಟು" ಅಂತ. ಒಂದರಿಂದ ಐದರವರೆಗಿನ ಆ ಅಂಕಿ ಬರೀ ಗಾಳಿಯ ವೇಗದ್ದು. ಕಡಲು ಎಷ್ಟು ಉಕ್ಕುತ್ತದೆ, ಮಳೆ ಎಷ್ಟು ಸುರಿಯುತ್ತದೆ ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಹೆಲೀನ್ 2024ರ ಸೆಪ್ಟೆಂಬರ್ 26ರ ರಾತ್ರಿ ದಡ ಮುಟ್ಟಿದ್ದು ಉತ್ತರದ ಬಿಗ್ ಬೆಂಡ್ ಕಡೆ. ನಾವಿದ್ದ ಟ್ಯಾಂಪಾ ಕಡೆ ಅದರ ಕಣ್ಣು, ಅಂದರೆ ನಡುಭಾಗ, ಹಾದುಹೋದದ್ದು ನೂರು ಮೈಲಿ ಆಚೆ, ಸಮುದ್ರದಲ್ಲಿ. ನಮ್ಮಲ್ಲಿ ಗಾಳಿ ಅಂಥ ದೊಡ್ಡದೇನೂ ಇರಲಿಲ್ಲ ಅಂತ ಅಕ್ಕಪಕ್ಕದವರು ಆಮೇಲೆ ಹೇಳಿದರು, ಆದರೂ ಕಡಲು ರಸ್ತೆ ದಾಟಿ ಮನೆಗಳ ಒಳಗೆ ಬಂತು, ತಂಗಿ ಮನೆಯಲ್ಲಿ ಸೊಂಟದವರೆಗೆ ನಿಂತ ಗುರುತು ಗೋಡೆ ಮೇಲಿತ್ತು. ನಾವು ಅವಳ ಸ್ನೇಹಿತರ ಮನೆಯಲ್ಲಿದ್ದೆವು, ಒಳಗೆ ಮೂವತ್ತು ಮೈಲಿ. ವಾಪಸ್ ಬಂದರೆ ಫ್ರಿಡ್ಜ್ ಅಂಗಾತ ಬಿದ್ದಿದೆ. ಉಪ್ಪು ನೀರು, ಚರಂಡಿ ನೀರು ಸೇರಿದ ಆ ವಾಸನೆ ಹೇಳಿದರೆ ಗೊತ್ತಾಗಲ್ಲ. ಅಲ್ಲಿ ಒಳಗೋಡೆ ಇಟ್ಟಿಗೆಯದ್ದಲ್ಲ ನೋಡಿ, ಒಂದು ಥರ ಹಲಗೆ. ನೀರು ಕುಡಿದರೆ ಬೂಷ್ಟು ಹಿಡಿಯುತ್ತದೆ, ಕೊಯ್ದು ಬಿಸಾಡಲೇಬೇಕು. ಬೀದಿ ತುಂಬ ಹಾಸಿಗೆ, ಸೋಫಾ, ಗೋಡೆ ತುಂಡುಗಳ ರಾಶಿ. ಆ ರಾಶಿ ಎತ್ತಿ ಮುಗಿಯುವ ಮೊದಲೇ ಮಿಲ್ಟನ್ ಬರುತ್ತಿದೆ ಅಂದರು.

ಎರಡನೇ ಸಲ ಅಮ್ಮ ಹೊರಡಲ್ಲ ಅಂದರು. ಮಂಡಿ ನೋವು, ಕಾರಿನಲ್ಲಿ ಗಂಟೆಗಟ್ಟಲೆ ಕೂರಬೇಕು, ಪೆಟ್ರೋಲ್ ಬಂಕ್ ಎಲ್ಲ ಖಾಲಿ. "ಈ ಸಲ ನೀರೇ ಬರಲ್ಲ ಬಿಡು" ಅಂತ ತಂಗಿ ಗಂಡನೂ ಅಂದ. ಮಿಲ್ಟನ್ ಅಕ್ಟೋಬರ್ 9ರ ರಾತ್ರಿ ಸ್ವಲ್ಪ ದಕ್ಷಿಣಕ್ಕೆ, ಸಿಯೆಸ್ಟಾ ಕೀ ಹತ್ತಿರ ದಡ ಹತ್ತಿತು. ಹಾಗಾಗಿ ಟ್ಯಾಂಪಾ ಕೊಲ್ಲಿಯ ನೀರು ಉಕ್ಕುವ ಬದಲು ಹಿಂದಕ್ಕೆ ಹೋಯಿತು. ಅದೃಷ್ಟ, ಅಷ್ಟೇ. ಆದರೆ ಅದೇ ಕೌಂಟಿಯ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮಳೆ 18 ಇಂಚಿಗೂ ಜಾಸ್ತಿ ಬಂತು, ಟ್ರಾಪಿಕಾನಾ ಸ್ಟೇಡಿಯಮ್ಮಿನ ಚಾವಣಿ ಹರಿದು ಚಿಂದಿಯಾಯಿತು. ಇಡೀ ವರ್ಷ ಸೇರಿ 100 ಇಂಚು ಸುರಿದರೆ ನಮ್ಮ ಕಡೆ ಒಳ್ಳೆ ಮಳೆ ಅನ್ನುತ್ತೇವೆ. ಅದರ ಐದನೇ ಒಂದು ಭಾಗ ಒಂದೇ ರಾತ್ರಿ! ನಾವು ಕೊನೆಗೂ ಹೊರಟಿದ್ದೆವು, ಅಮ್ಮನನ್ನು ಬೈದು ಎತ್ತಿ ಕೂರಿಸಿ. ಮೂರನೇ ಸಲ ಅಂತ ಇದ್ದಿದ್ದರೆ ಹೊರಡುತ್ತಿದ್ದೆವಾ ಅಂತ ಕೇಳಿದರೆ, ಇಲ್ಲ ಅನಿಸುತ್ತದೆ. ಎರಡು ಸಲವೂ ಹೊರಡಬಲ್ಲೆವಾ ಅಂತ ಮೊದಲೇ ಕೇಳಿದ್ದರಲ್ಲಿ ನಾನು ಹೇಳಿದ ಶಕ್ತಿ ಇದೇ.

ನಿಮ್ಮ ಜೊತೆ ಅತ್ತೆಯವರಿದ್ದಾರೆ ಅನ್ನುವುದನ್ನು ಮರೆಯಬೇಡಿ ಅನ್ನುವುದು ಇದಕ್ಕೇ. 2017ರಲ್ಲಿ ಇರ್ಮಾ ಬಂದು ಹೋದ ಮೇಲೆ ಫ್ಲೋರಿಡಾದ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ ಎಸಿ ನಿಂತು ಬಿಸಿಲ ಧಗೆಗೇ 12 ಜನ ತೀರಿಕೊಂಡರು. ಗಾಳಿಯಿಂದ ಅಲ್ಲ, ನೀರಿನಿಂದಲೂ ಅಲ್ಲ. ವಯಸ್ಸಾದವರು ಮನೆಯಲ್ಲಿದ್ದರೆ ಚಂಡಮಾರುತ ಹೋದ ಮೇಲಿನ ವಾರವೂ ಲೆಕ್ಕಕ್ಕೆ ಬರುತ್ತದೆ.

ಈಗ ದುಡ್ಡಿನ ಮಾತು. ನಿಮಗೆ ಇದು ಗೊತ್ತಿರಬಹುದು, ತಂಗಿಗೆ ಅರ್ಧ ಗೊತ್ತಿರಲಿಲ್ಲ. ಮಾಮೂಲಿ ಮನೆ ವಿಮೆ ಪ್ರವಾಹದ ನೀರಿಗೆ ಕೊಡಲ್ಲ. ಅದಕ್ಕೆ ಬೇರೆ ವಿಮೆ. ಸರ್ಕಾರದ ಪ್ರವಾಹ ವಿಮೆಯಲ್ಲಿ ಮನೆ ಕಟ್ಟಡಕ್ಕೆ ಗರಿಷ್ಠ 2,50,000 ಡಾಲರ್, ಸಾಮಾನಿಗೆ 1,00,000. ಇವತ್ತು ಮಾಡಿಸಿದರೆ ಸಾಮಾನ್ಯವಾಗಿ 30 ದಿನ ಆದ ಮೇಲೇ ಜಾರಿ, ಹಾಗಾಗಿ ಚಂಡಮಾರುತ ಟಿವಿಯಲ್ಲಿ ಕಂಡ ಮೇಲೆ ಓಡಿದರೆ ಪ್ರಯೋಜನ ಇಲ್ಲ. ಹರಿಕೇನ್ ಗಾಳಿಯ ನಷ್ಟಕ್ಕೆ ವಿಮೆ ಇದ್ದರೂ ಮೊದಲ ಪಾಲು ನಿಮ್ಮದೇ. ಅದನ್ನು ಇಂತಿಷ್ಟು ಡಾಲರ್ ಅನ್ನುವ ಬದಲು ಮನೆಯ ವಿಮೆ ಮೊತ್ತದ ಶೇಕಡಾ 2, 5 ಅಂತ ಬರೆದಿರುತ್ತಾರೆ. ನಾಲ್ಕು ಲಕ್ಷ ಡಾಲರ್ ಮನೆಗೆ ಶೇಕಡಾ 5 ಅಂದರೆ 20,000 ಡಾಲರ್ ಕೈಯಿಂದ. ಪಾಲಿಸಿ ತೆಗೆದು ಆ ಸಾಲು ಇವತ್ತೇ ಓದಿ.

ಇನ್ನೊಂದು ದೊಡ್ಡ ಹೊಡೆತ ಹಳೇ ಮನೆಗಳಿಗೆ. ಪ್ರವಾಹ ವಲಯದಲ್ಲಿ ತಗ್ಗಾಗಿ ಕಟ್ಟಿದ ಮನೆಯ ರಿಪೇರಿ ಖರ್ಚು ಕಟ್ಟಡದ ಬೆಲೆಯ ಅರ್ಧ ಮುಟ್ಟಿದರೆ, ಈಗಿನ ನಿಯಮಕ್ಕೆ ತಕ್ಕಂತೆ ಇಡೀ ಮನೆಯನ್ನೇ ಎತ್ತರಿಸಬೇಕು, ಇಲ್ಲ ಕೆಡವಬೇಕು. ಜಾಗದ ಬೆಲೆ ಆ ಲೆಕ್ಕಕ್ಕೆ ಬರಲ್ಲ, ಬರೀ ಕಟ್ಟಡದ್ದು. ತಂಗಿ ಮನೆ 1970ರ ದಶಕದ್ದು, ನೆಲಕ್ಕೇ ಅಂಟಿಕೊಂಡಿದ್ದದ್ದು. ಲೆಕ್ಕ ಅರ್ಧ ದಾಟಿತು. ಆ ಮನೆ ಬಿಡುವುದು ಅಂತ ಅವಳ ತೀರ್ಮಾನ ಅಲ್ಲಿಗೆ ಆಯಿತು, ಹಾಗಂತ ಅವಳೇನೂ ಸಂತೋಷದಿಂದ ಮಾಡಲಿಲ್ಲ.

ಒಂದು ತಪ್ಪು ತಿಳಿವಳಿಕೆ: ವಿಮೆಗೆ ನೋಡುವ ಪ್ರವಾಹ ವಲಯ ಬೇರೆ, ಖಾಲಿ ಮಾಡಿ ಅಂತ ಹೇಳಲು ಕೌಂಟಿ ಬಳಸುವ ಎ, ಬಿ, ಸಿ ವಲಯ ಬೇರೆ. ಒಂದೂವರೆ ಮೈಲಿ ಅನ್ನುವ ಅಳತೆಗೆ ಅರ್ಥವೇ ಇಲ್ಲ. ಪಕ್ಕದ ಬೀದಿ ಆರು ಅಡಿ ಎತ್ತರ ಇದ್ದರೆ ಅವರ ಮನೆ ಒಣಗಿರುತ್ತದೆ, ನಿಮ್ಮದು ಮುಳುಗಿರುತ್ತದೆ. ಮನೆಯ ನೆಲ ಎಷ್ಟು ಎತ್ತರದಲ್ಲಿದೆ ಅಂತ ತೋರಿಸುವ ಎಲಿವೇಶನ್ ಸರ್ಟಿಫಿಕೇಟ್ ಇದೆಯಾ ನೋಡಿ. ಇಲ್ಲದಿದ್ದರೆ ಸರ್ವೇ ಮಾಡಿಸಿ. ಮನೆ 2002ರ ನಂತರದ್ದಾ ಅಂತಲೂ ನೋಡಿ. 1992ರ ಆಂಡ್ರೂ ಹೊಡೆತದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಕಟ್ಟಡ ಸಂಹಿತೆ, ಅಂದರೆ ಮನೆ ಕಟ್ಟುವ ನಿಯಮಗಳು, ಬಂದದ್ದು ಆ ವರ್ಷ, ಆಮೇಲಿನ ಮನೆಗಳು ಗಾಳಿಗೆ ಚೆನ್ನಾಗಿ ನಿಲ್ಲುತ್ತವೆ. ಮಾರುವ ಯೋಚನೆ ಇದ್ದರೆ, 2024ರ ಅಕ್ಟೋಬರ್ 1ರಿಂದ ಹಳೇ ಪ್ರವಾಹ ವಿಮೆ ಕ್ಲೇಮುಗಳನ್ನು ಕೊಳ್ಳುವವರಿಗೆ ಹೇಳಲೇಬೇಕು. ಕೊಳ್ಳುವಾಗ ಇದೇ ನಿಯಮ ನಿಮ್ಮನ್ನೂ ಕಾಯುತ್ತದೆ.

ಹಾಸನಕ್ಕೆ ಬರುವ ಮಾತು. ಬನ್ನಿ, ಬೇಡ ಅನ್ನಲ್ಲ. ಆದರೆ ಹೆದರಿಕೊಂಡು ಬರಬೇಡಿ. ಹೆಲೀನ್ ಅತಿ ಹೆಚ್ಚು ಜನರನ್ನು ಕೊಂದದ್ದು ಫ್ಲೋರಿಡಾದ ಕಡಲ ತೀರದಲ್ಲಲ್ಲ, ನಾರ್ತ್ ಕೆರೊಲೈನಾದ ಬೆಟ್ಟಗಳಲ್ಲಿ, ಆಶ್‌ವಿಲ್ ಸುತ್ತಮುತ್ತ. ಹಳ್ಳ ಉಕ್ಕಿ, ಗುಡ್ಡ ಜರಿದು. ಆ ವಿಡಿಯೊ ನೋಡುತ್ತಾ ಅಮ್ಮ "ಇದು ನಮ್ಮೂರಲ್ವಾ" ಅಂದರು. ಹಾಸನ ಪೇಟೆಯಲ್ಲಿ ಆ ಭಯ ಇಲ್ಲ, ನಿಜ. ನಾನು ಹೆದರುವುದು ಬೇರೆಯದಕ್ಕೆ: ಹೊರದೇಶದಿಂದ ಬಂದವರು ಪೇಟೆಯಲ್ಲಿ ಇರಲ್ಲ, ಸಕಲೇಶಪುರದ ಆಚೆಯೋ ನಮ್ಮ ಕಡೆಯೋ "ವ್ಯೂ ಇದೆ ಸಾರ್" ಅಂತ ತೋರಿಸಿದ ಜಾಗ ಕೊಳ್ಳುತ್ತಾರೆ, ಜೆಸಿಬಿ ಹಾಕಿ ಗುಡ್ಡ ಕಡಿದು ಸಪಾಟು ಮಾಡಿದ ಸೈಟು, ಹಿಂದೆ ಇಪ್ಪತ್ತಡಿ ಧರೆ, ಮುಂದೆ ಮೋಡ. ಶಿರಾಡಿ ಘಾಟಿ ರಸ್ತೆ ಮಳೆಗಾಲದಲ್ಲಿ ಯಾಕೆ ಮತ್ತೆ ಮತ್ತೆ ಕುಸಿಯುತ್ತದೆ ಅಂತ ಒಂದು ಸಲ ಯೋಚಿಸಿ. ಅಂಥ ಸೈಟಿಗಿಂತ ನಿಮ್ಮ ಕ್ಲಿಯರ್‌ವಾಟರ್ ಮನೆ ವಾಸಿ. ಅಲ್ಲಿ ಐದು ದಿನ ಟೈಮ್ ಕೊಡುತ್ತಾರೆ.

ನಾವು ಏನು ಮಾಡಿದೆವು ಅಂದರೆ, ಊರು ಬಿಡಲಿಲ್ಲ. ಮನೆಯಿಂದ ಒಂಬತ್ತು ಕಿಲೋಮೀಟರ್ ದೂರ, ಸಪಾಟು ಜಾಗದಲ್ಲಿ ಸಣ್ಣ ಮನೆ ಕಟ್ಟಿಸಿದೆವು. ಬೆಳಗ್ಗೆ ತೋಟಕ್ಕೆ ಹೋಗುತ್ತೇನೆ, ಸಂಜೆ ಬರುತ್ತೇನೆ. ತೋಟ ಬಿಟ್ಟಿಲ್ಲ, ರಾತ್ರಿ ಮಲಗುವುದನ್ನು ಮಾತ್ರ ಬಿಟ್ಟೆವು. ಆರಂಭದಲ್ಲಿ ಜನ ನಕ್ಕರು. ತೋಟದ ಮನೆಯಲ್ಲಿ ಮಾಲೀಕ ಇಲ್ಲದಿದ್ದರೆ ಮೆಣಸು ಕಳವಾಗುತ್ತದೆ ಅಂದರು, ಅದು ನಿಜವೂ ಆಯಿತು. ಕಳವಾಗಲಿ ಬಿಡಿ. ತಂಗಿಯೂ ಹಾಗೇ, ಫ್ಲೋರಿಡಾ ಬಿಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಖಾಲಿ ಮಾಡಿಸುವ ವಲಯಗಳ ಆಚೆ, ಎತ್ತರದ ಕಡೆ ಬಾಡಿಗೆ ಮನೆ. ಆಫೀಸಿಗೆ ನಲವತ್ತು ನಿಮಿಷ ಜಾಸ್ತಿ ಡ್ರೈವ್, ಬೈದುಕೊಂಡೇ ಮಾಡುತ್ತಾಳೆ. ನಿಮಗೂ ಮೊದಲು ಇದನ್ನೇ ನೋಡಿ ಅನ್ನುತ್ತೇನೆ. ಎರಡು ವರ್ಷ ಬಾಡಿಗೆಗೆ ಇದ್ದು ನೋಡಿ, ಆಮೇಲೆ ಕೊಳ್ಳಿ.

ತೀರ್ಮಾನ ಮಾತ್ರ ಜನವರಿ, ಫೆಬ್ರವರಿಯಲ್ಲಿ ಮಾಡಿ. ಹರಿಕೇನ್ ಕಾಲ ಜೂನ್ 1ರಿಂದ ನವೆಂಬರ್ 30. ಅದರ ಮಧ್ಯೆ ಕೂತು ಯೋಚಿಸಿದರೆ ಹೆದರಿಕೆ ಮಾತಾಡುತ್ತದೆ. ನಾವು ಗುಡ್ಡ ಜರಿದ ವಾರವೇ ತೋಟ ಮಾರಲು ಹೊರಟಿದ್ದೆವು. ಬಂದ ಒಬ್ಬ ಗಿರಾಕಿ ಕೇಳಿದ ಬೆಲೆ ಈಗ ನೆನೆದರೆ ಮೈ ಉರಿಯುತ್ತದೆ.

ಕೊನೆಗೆ ಒಂದು. ಅತ್ತೆಯವರಿಗೆ ಇನ್ಸುಲಿನ್ ಥರ ಫ್ರಿಡ್ಜಿನಲ್ಲಿಡುವ ಔಷಧಿ ಇದೆಯಾ, ಉಸಿರಾಟದ ಮೆಷಿನ್ ಇದೆಯಾ ಅಂತ ನೀವು ಬರೆದಿಲ್ಲ. ಇದ್ದರೆ ಮೇಲೆ ಬರೆದ ಲೆಕ್ಕ ಎಲ್ಲ ಬಿಡಿ, ಬರುವ ಜೂನ್ ಒಳಗೆ ಎತ್ತರದ ಕಡೆ ಬಾಡಿಗೆ ಮನೆ ನೋಡಿಕೊಳ್ಳಿ.